ಆವನಿಯ ತ್ರಿಭುವನಕರ್ತ

ಶಿವರಾತ್ರಿಯ ದಿನಗಳಲ್ಲಿ ಆವನಿಯಲ್ಲಿ ನೆರೆಯುವ ದನಗಳ ಜಾತ್ರೆಯನ್ನು ನಮ್ಮ ಸೀಮೆಯಲ್ಲಿ ಅರಿಯದವರಿಲ್ಲ. ಬಂದವರು ರಾಮಲಿಂಗೇಶ್ವರನಿಗೆ ಕೈಮುಗಿದು, ಸೀತಮ್ಮನು ಲವಕುಶರನ್ನು ಹೆತ್ತಳೆಂದು ಹಿರಿಯರು ಹೇಳುವ ಬೆಟ್ಟವನ್ನು ಹತ್ತಿಳಿದು, ಎತ್ತು ಹಿಡಿದುಕೊಂಡು ಊರಿಗೆ ಮರಳುತ್ತಾರೆ. ಸಾವಿರ ವರ್ಷಗಳ ಹಿಂದೆ ಇದೇ ಸ್ಥಾನವನ್ನು ಆಳಿದ ಯತಿಯೊಬ್ಬನ ನೆನಪು ಆ ಗದ್ದಲದಲ್ಲಿ ಯಾರಿಗೆ ಬಂದೀತು? ನನಗೂ ಬಂದಿರಲಿಲ್ಲ. ಬಿ.ಎ. ತರಗತಿಗೆ ಬಂದು, ರೈಸ್ ಸಾಹೇಬರು 1905ರಲ್ಲಿ ಪ್ರಕಟಿಸಿದ ಕೋಲಾರ ಜಿಲ್ಲೆಯ ಶಾಸನ ಸಂಪುಟವನ್ನು ತಿರುವಿದ ಮೇಲೆಯೇ ಆ ಹೆಸರು ನನ್ನ ಕಣ್ಣಿಗೆ ಬಿದ್ದದ್ದು.

ತ್ರಿಭುವನಕರ್ತನು ಶೈವ ಗುರು. ಕಲಿಯುಗರುದ್ರನೆಂಬ ಖ್ಯಾತಿಯವನು. ಕಾಲ ನೊಳಂಬರದು. ಹುಟ್ಟು, ತಾಯಿತಂದೆ, ಪೂರ್ವಾಶ್ರಮದ ಊರು ಇವಾವುವೂ ಯತಿಯ ಲೆಕ್ಕಕ್ಕೆ ಸೇರುವ ಸಂಗತಿಗಳಲ್ಲ. ಶಕವರ್ಷ 883, ಎಂದರೆ ಕ್ರಿ.ಶ. 961ರಲ್ಲಿ ಆತ ಕಾಲವಾದನು. ಆವನಿಯ ಸ್ಥಾನವನ್ನು 40 ವರ್ಷ ಆಳಿ, 50 ದೇಗುಲಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಕಟ್ಟಿಸಿದನೆಂದು ಶಾಸನ ಸಾರುತ್ತದೆ. ಹಿಂದಕ್ಕೆ ಎಣಿಸಿದರೆ ಆತ ಅಧಿಕಾರಕ್ಕೆ ಬಂದದ್ದು 921ರ ಸುಮಾರಿಗೆ.

ಆಳಿದನೆಂಬ ಮಾತು ನನ್ನನ್ನು ಬಹಳ ಹೊತ್ತು ತಡೆದು ನಿಲ್ಲಿಸಿತು. ಎಲ್ಲವನ್ನೂ ಬಿಟ್ಟವನಿಗೆ ಎಂಥ ಆಳಿಕೆ? ಅಧ್ಯಾಪಕರನ್ನು ಕೇಳಿದಾಗ ತಿಳಿಯಿತು: ಅಂದಿನ ದೇವಸ್ಥಾನವೆಂದರೆ ಬರಿಯ ಗರ್ಭಗುಡಿಯಲ್ಲ, ದತ್ತಿಯಾಗಿ ಬಂದ ಗದ್ದೆ ಹೊಲ, ಅವುಗಳ ಒಕ್ಕಲು, ಕಣಜದ ಧಾನ್ಯ, ಉಣ್ಣಲು ಬರುವ ತಪಸ್ವಿಗಳು ಎಲ್ಲ ಕೂಡಿದ ಒಂದು ದೊಡ್ಡ ಸಂಸಾರ. ಅದರ ಒಡೆಯನು ಜಪಮಣಿಯೊಡನೆ ಕಣಜದ ಲೆಕ್ಕವನ್ನೂ ಎಣಿಸಬೇಕು. ಮಳೆ ಹೋದರೆ ದೇವರ ನೈವೇದ್ಯವೂ ಹೋಗುತ್ತದೆ.

ಗುಡಿಗಳು ಐವತ್ತು, ಕೆರೆಗಳು ಎರಡೇ ಎಂದು ಹಗುರವಾಗಿ ಎಣಿಸಬಾರದು. ನಮ್ಮದು ಜೀವನದಿಯಿಲ್ಲದ ಜಿಲ್ಲೆ. ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟುವ ಪಾಲಾರ್ ಕೂಡ ಮಳೆ ಬಿದ್ದಾಗ ಮಾತ್ರ ಹೊಳೆ. ವರ್ಷದ ಸುಮಾರು 700 ಮಿಲಿಮೀಟರ್ ಮಳೆಯಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಸುರಿದು, ಬಂಡೆಗಳ ಮೇಲಿಂದ ಜಾರಿಹೋಗುತ್ತದೆ. ಅದನ್ನು ಹಿಡಿದವನೇ ಉಂಡವನು. ಇಳಿಜಾರನ್ನು ನೋಡಿ ಏರಿಯ ಜಾಗ ಗೊತ್ತುಮಾಡಬೇಕು, ಬುಟ್ಟಿಬುಟ್ಟಿಯಾಗಿ ಮಣ್ಣು ಹೊತ್ತು, ತುಳಿಸಿ, ನೀರಿನ ಕಡೆಗೆ ಕಲ್ಲು ಹೊದಿಸಬೇಕು, ತೂಬು ಇಡಬೇಕು, ಕೋಡಿಯನ್ನು ಸರಿಯಾದ ಎತ್ತರಕ್ಕೆ ಬಿಡಬೇಕು. ಕೋಡಿ ತಪ್ಪಿದರೆ ಒಂದೇ ರಾತ್ರಿಯ ಮಳೆಗೆ ಏರಿ ಒಡೆದು ಕೆಳಗಿನ ಊರೇ ಕೊಚ್ಚಿಹೋದೀತು. ಗುಡಿಯಲ್ಲಿ ಆದ ತಪ್ಪು ಗುಡಿಯಲ್ಲೇ ಉಳಿಯುತ್ತದೆ; ಕೆರೆಯ ತಪ್ಪು ಹಾಗಲ್ಲ.

ಕಟ್ಟಿದರಷ್ಟೇ ಸಾಲದು. ವರ್ಷವರ್ಷವೂ ಹೂಳು ತುಂಬುತ್ತದೆ. ಅದಕ್ಕಾಗಿಯೇ ನಮ್ಮ ಹಿಂದಿನವರು ಬಿತ್ತುವಟ್ಟ, ಕಟ್ಟುಕೊಡಗೆ ಎಂದು ಕೆರೆಯ ಸಲುವಾಗಿ ಭೂಮಿ ಬಿಡುತ್ತಿದ್ದರು. ನೀರನ್ನು ಅಳತೆಯಿಂದ ಗದ್ದೆಗೆ ಬಿಡಲು ನೀರಗಂಟಿ ಇರುತ್ತಿದ್ದ. ಇಂಥ ಕೈಗಳ ದುಡಿಮೆ ಎಷ್ಟು ದೂರ ಸಾಗಿತೆಂದರೆ, 1866ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರ್ ಮೇಜರ್ ಸ್ಯಾಂಕಿಯವರು ಈ ಸೀಮೆಯಲ್ಲಿ ಹೊಸದೊಂದು ಕೆರೆಗೆ ಜಾಗ ಹುಡುಕುವುದೇ ಕಷ್ಟವೆಂದು ಬೆರಗಾದರು.

ಹತ್ತೇ ವರ್ಷಗಳಲ್ಲಿ 1876–78ರ ದೊಡ್ಡ ಬರ ಬಂತು. ಮಳೆ ಒಂದರ ಮೇಲೊಂದು ಸಲ ಕೈಕೊಟ್ಟಿತು. 1871ರಲ್ಲಿ ಐವತ್ತು ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನ 1881ರ ಗಣತಿಗೆ ಸುಮಾರು 42 ಲಕ್ಷಕ್ಕೆ ಇಳಿದರು. ಕೆರೆಯು ಒಂದು ಮಳೆಗಾಲದ ನೀರನ್ನು ಮುಂದಿನ ಬೇಸಗೆಗೆ ದಾಟಿಸಬಲ್ಲುದೇ ಹೊರತು ಬಾರದ ಮಳೆಯನ್ನು ತರಲಾರದು. ತ್ರಿಭುವನಕರ್ತನನ್ನು ಹೊಗಳುವ ಭರದಲ್ಲಿ ಇದನ್ನು ಮರೆಯುವುದು ನನಗೆ ಸರಿಕಾಣದು. ಆದರೂ ನಲವತ್ತು ವರ್ಷಗಳ ಆಳಿಕೆಯಲ್ಲಿ ಆತನೂ ಬರಗಾಲ ಕಂಡಿರಲೇಬೇಕು, ಒಕ್ಕಲು ಊರು ಬಿಡುವುದನ್ನು ನೋಡಿರಲೇಬೇಕು ಎಂದು ನನ್ನ ಊಹೆ. ಇಲ್ಲದಿದ್ದರೆ ಐವತ್ತೆರಡನೆಯ ಗುಡಿಯನ್ನೂ ಕಟ್ಟಿಸಿಬಿಡುತ್ತಿದ್ದನೇನೋ!

ನನ್ನ ಮನೆಯ ಮಾತೊಂದನ್ನು ಸೇರಿಸಿದರೆ ವಾಚಕರು ಮನ್ನಿಸಬೇಕು. 2023ರಲ್ಲಿ ಮಳೆ ಹೋಯಿತು. ನಮ್ಮ ಕೊಳವೆಬಾವಿ ಸಾವಿರ ಅಡಿ ದಾಟಿಯೂ ಧೂಳನ್ನೇ ಕಾರಿತು. ಮುಂದಿನ ಶಿವರಾತ್ರಿಗೆ, ಹುಲ್ಲಿಲ್ಲದೆ, ನಮ್ಮಪ್ಪ ಜೋಡಿ ಎತ್ತುಗಳನ್ನು ಆವನಿ ಜಾತ್ರೆಗೆ ಹೊಡೆದರು. ಎಲ್ಲರೂ ಮಾರುವವರೇ, ಕೊಳ್ಳುವವರು ವಿರಳ. ಬಂದ ಹಣದಲ್ಲಿ ಒಂದು ಭಾಗ ನನ್ನ ಕಾಲೇಜು ಫೀಜಿಗೆ ಹೋಯಿತು. ಆ ದಿನ ನಾನು ಎತ್ತುಗಳ ಹಗ್ಗ ಹಿಡಿದು ನಿಂತಿದ್ದೆ.

ಶಾಸನದ ವಿಷಯವನ್ನು ಮೊನ್ನೆ ರಜೆಯಲ್ಲಿ ನಮ್ಮಪ್ಪನಿಗೆ ವಿವರಿಸಿದೆ. ಅವರು ಓದಿದವರಲ್ಲ. ಐವತ್ತು ಗುಡಿಗಳ ಮಾತಿಗೆ ಸುಮ್ಮನೆ ತಲೆದೂಗಿದರು. ಕೆರೆಗಳ ಮಾತು ಬಂದಾಗ ಎದ್ದು ಕುಳಿತು, ಆ ಸ್ವಾಮಿ ಹೋದಮೇಲೆ ಹೂಳೆತ್ತಿಸಿದವರು ಯಾರೆಂದು ಕೇಳಿದರು.