ಕಾರಂತರ ಯಕ್ಷರಂಗ ಮತ್ತು ಹಕ್ಕಿನ ವ್ಯಾಜ್ಯ

ಕೋಟ ಶಿವರಾಮ ಕಾರಂತರನ್ನು (1902–1997) ಜ್ಞಾನಪೀಠ ಪುರಸ್ಕೃತ ಕಾದಂಬರಿಕಾರರೆಂದೇ ಗುರುತಿಸುವುದು ರೂಢಿ. ಆದರೆ ಅವರು ದೀರ್ಘಕಾಲ ವ್ಯಾಸಂಗ ಮಾಡಿದ್ದು ಯಕ್ಷಗಾನವನ್ನು. ಇರುಳಿಡೀ ನಡೆಯುವ ಬಯಲಾಟದಿಂದ ಮಾತನ್ನು ಕಳಚಿ, ಅವಧಿಯನ್ನು ಕೆಲವೇ ಗಂಟೆಗಳಿಗೆ ಇಳಿಸಿ, ವಯಲಿನ್, ಸ್ಯಾಕ್ಸೋಫೋನುಗಳನ್ನು ಸೇರಿಸಿ ‘ಯಕ್ಷರಂಗ’ವೆಂಬ ನೃತ್ಯನಾಟಕ ಪ್ರಕಾರವನ್ನು ರೂಪಿಸಿದರು. ಸಂಪ್ರದಾಯನಿಷ್ಠರು ಇದನ್ನು ಸುಲಭವಾಗಿ ಒಪ್ಪಲಿಲ್ಲ.

ಅವರ 1994ರ ಉಯಿಲು ಸಾಹಿತ್ಯಕೃತಿಗಳ ಹಕ್ಕನ್ನು ಹೆಸರಿಸಿತ್ತು. ನೃತ್ಯನಾಟಕಗಳನ್ನು ಬಿಡಿಯಾಗಿ ಹೆಸರಿಸಿರಲಿಲ್ಲ. 2001ರಲ್ಲಿ ದೆಹಲಿಯಲ್ಲಿ ‘ಅಭಿಮನ್ಯು ವಧೆ’ ಪ್ರದರ್ಶನಗೊಂಡ ಬಳಿಕ ಹಕ್ಕುದಾರರು ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಸಂಸ್ಥೆಯ ವಿರುದ್ಧ ದಾವೆ ಹೂಡಿದರು. ಕೆಳಗಿನ ನ್ಯಾಯಾಲಯಗಳು ಪ್ರತಿಬಂಧಕಾಜ್ಞೆ ನೀಡಿದವು. 2009ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ನೃತ್ಯಪ್ರದರ್ಶನವನ್ನು ಸಾಹಿತ್ಯಕೃತಿಯಿಂದ ಬೇರ್ಪಡಿಸಿ ನಾಟಕಕೃತಿಯ ವರ್ಗದಲ್ಲಿರಿಸಿತು. ಆದರೂ ಉಯಿಲಿನ ಉಳಿಕೆ ಆಸ್ತಿಯ ಕಲಮಿನಿಂದ ಹಕ್ಕು ಫಲಾನುಭವಿಗೇ ಸಲ್ಲುವುದೆಂದಿತು. ಜೊತೆಗೆ, ಕಾಯಿದೆಯ ವಿನಾಯಿತಿಯೊಳಗೆ, ಅಂದರೆ ಸಿಬ್ಬಂದಿ, ವಿದ್ಯಾರ್ಥಿಗಳು ತಮ್ಮ ಸಂಸ್ಥೆಯ ಸೀಮಿತ ಪ್ರೇಕ್ಷಕರೆದುರು ಆಡುವುದಕ್ಕೆ ಅಡ್ಡಿಯಿಲ್ಲವೆಂದು ಆಜ್ಞೆಯನ್ನು ಸಡಿಲಿಸಿತು.

ಪಠ್ಯ ಮತ್ತು ಪ್ರಯೋಗಗಳ ಬಗೆಗೆ ನಮ್ಮ ವಿಭಾಗಗಳಲ್ಲಿ ನಡೆಯುವ ಚರ್ಚೆಯೇ ಇಲ್ಲಿ ಆಸ್ತಿಯ ಪ್ರಶ್ನೆಯಾಯಿತು. ರಾಗ, ತಾಳ, ವೇಷಗಳಲ್ಲಿ ಕಾರಂತರು ಮಾಡಿದ ಮಾರ್ಪಾಡುಗಳು ಅವರ ಸ್ವಂತದ್ದೆಂಬುದು ಒಪ್ಪತಕ್ಕ ಮಾತೇ. ಆದರೆ ಅವರೊಡನೆ ದುಡಿದ ಭಾಗವತರು, ವೇಷಧಾರಿಗಳು ಈ ವ್ಯಾಜ್ಯದಲ್ಲಿ ಪಕ್ಷಕಾರರಾಗಿರಲಿಲ್ಲ.