ತೆಂಗಿನ ತೋಪಿನ ಮೇಲೆ ಹಾರಿದ ಕ್ಯಾಮೆರಾ: ವಿಜ್ಞಾನಿ ಪಿಷಾರೋಟಿ ಬದುಕಿನ ಹಾದಿ

ಕೇರಳದ ಕಾಯಂಕುಳಂ ಪ್ರದೇಶದ ತೆಂಗಿನ ತೋಪುಗಳ ಮೇಲೆ 1969-70ರಲ್ಲಿ ಹೆಲಿಕಾಪ್ಟರೊಂದು ಹಾರಾಡಿತು. ಅದರಲ್ಲಿ ಹಾಸೆಲ್‌ಬ್ಲಾಡ್ ಕ್ಯಾಮೆರಾ ಇತ್ತು. ಮನುಷ್ಯನ ಕಣ್ಣಿಗೆ ಕಾಣದ ಇನ್‌ಫ್ರಾರೆಡ್, ಅಂದರೆ ಅವಕೆಂಪು ಬೆಳಕನ್ನು ಗ್ರಹಿಸುವ ಫಿಲಂ ಅದರೊಳಗಿತ್ತು. ತೆಂಗಿನ ಮರಗಳಿಗೆ ತಗಲಿದ್ದ ಬೇರು ಸೊರಗು ರೋಗವನ್ನು ಆಕಾಶದಿಂದಲೇ ಗುರುತಿಸಲು ಸಾಧ್ಯವೇ ಎಂಬುದನ್ನು ಪರೀಕ್ಷಿಸುವುದು ಹಾರಾಟದ ಉದ್ದೇಶ. ಭಾರತದ ದೂರಸಂವೇದಿ ವಿಜ್ಞಾನದ ಇತಿಹಾಸವನ್ನು ಈ ಹಾರಾಟದಿಂದಲೇ ಎಣಿಸುವುದು ವಾಡಿಕೆ. ಅದರ ನೇತೃತ್ವ ವಹಿಸಿದ್ದ ಪಿಷಾರತ್ ರಾಮ ಪಿಷಾರೋಟಿ ಅವರಿಗೆ ಆಗ ಅರವತ್ತು ವರ್ಷ. ಸರ್ಕಾರಿ ಸೇವೆಯಿಂದ ಅವರು ಅದಾಗಲೇ ನಿವೃತ್ತರಾಗಿದ್ದರು.

ಪಿಷಾರೋಟಿ ಜನಿಸಿದ್ದು 1909ರ ಫೆಬ್ರುವರಿ 10ರಂದು, ಇಂದಿನ ಪಾಲಕ್ಕಾಡ್ ಜಿಲ್ಲೆಯ ಕೊಲ್ಲಂಗೋಡಿನಲ್ಲಿ. ಭೌತಶಾಸ್ತ್ರದಲ್ಲಿ ಪದವಿ ಪಡೆದು ಮದರಾಸಿನ ಲೊಯೊಲಾ ಕಾಲೇಜಿನಲ್ಲಿ ಅಧ್ಯಾಪಕರಾದರು. ಪಾಠ ಹೇಳಿಕೊಂಡು ನೆಮ್ಮದಿಯಾಗಿ ಇದ್ದುಬಿಡಬಹುದಾಗಿದ್ದ ಕೆಲಸವದು. ಆದರೆ ಬೇಸಿಗೆ ರಜೆ ಬಂತೆಂದರೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬರುತ್ತಿದ್ದರು. ಅಲ್ಲಿ ಸರ್ ಸಿ.ವಿ. ರಾಮನ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ನಡೆಸುತ್ತಿದ್ದರು. ಬೆಳಕು ಮತ್ತು ಕಿರಣಗಳ ವರ್ತನೆಯಲ್ಲಿ ಅವರಿಗೆ ಹುಟ್ಟಿದ ಆಸಕ್ತಿಗೆ ಬೆಂಗಳೂರಿನ ಈ ರಜೆಗಳ ಋಣ ಇದೆ ಎನ್ನಲು ಅಡ್ಡಿಯಿಲ್ಲ.

1940ರ ದಶಕದ ಆರಂಭದಲ್ಲಿ ಅವರು ಭಾರತೀಯ ಹವಾಮಾನ ಇಲಾಖೆ ಸೇರಿದರು. ಮುಂದೆ ಅಮೆರಿಕಕ್ಕೆ ತೆರಳಿ, ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಖ್ಯಾತ ಹವಾಮಾನ ತಜ್ಞ ಜೇಕಬ್ ಬರ್ಕ್‌ನೆಸ್ ಅವರ ಬಳಿ ಅಧ್ಯಯನ ಮಾಡಿ 1954ರಲ್ಲಿ ಡಾಕ್ಟರೇಟ್ ಪಡೆದರು. ಸ್ವದೇಶಕ್ಕೆ ಮರಳಿದ ನಂತರ ಮುಂಬಯಿಯ ಕೊಲಾಬಾ ವೀಕ್ಷಣಾಲಯದ ನಿರ್ದೇಶಕರಾದರು. 1962ರಲ್ಲಿ ಪುಣೆಯಲ್ಲಿ ಉಷ್ಣವಲಯ ಹವಾಮಾನ ಸಂಸ್ಥೆ ಸ್ಥಾಪನೆಯಾದಾಗ ಅದರ ಮೊದಲ ನಿರ್ದೇಶಕರಾದವರೂ ಅವರೇ.

ಅದೇ ಕಾಲದಲ್ಲಿ ಅಂತಾರಾಷ್ಟ್ರೀಯ ಹಿಂದೂ ಮಹಾಸಾಗರ ಶೋಧಯಾತ್ರೆ ನಡೆದಿತ್ತು. ಉಪಕರಣಗಳನ್ನು ಹೊತ್ತ ಅಮೆರಿಕದ ಸಂಶೋಧನಾ ವಿಮಾನಗಳು ಅರಬ್ಬೀ ಸಮುದ್ರದ ಮೇಲೆ ಹಾರಾಡಿದವು. ವಿಮಾನದಿಂದ ಪ್ಯಾರಾಚೂಟ್ ಕಟ್ಟಿ ಬಿಟ್ಟ ಪುಟ್ಟ ಉಪಕರಣಗಳು ಕೆಳಗಿಳಿಯುತ್ತ, ಒತ್ತಡ, ಉಷ್ಣತೆ ಹಾಗೂ ತೇವಾಂಶದ ವಿವರಗಳನ್ನು ರೇಡಿಯೊ ಮೂಲಕ ಕಳುಹಿಸುತ್ತಿದ್ದವು. ಅದುವರೆಗೆ ಹಡಗುಗಳ ಚದುರಿದ ವರದಿಗಳೇ ಆಧಾರವಾಗಿದ್ದ ಕಡಲಿನ ಮೇಲಣ ವಾಯುಮಂಡಲ ಹೀಗೆ ಎತ್ತರ ಎತ್ತರಕ್ಕೂ ಅಳತೆಗೆ ಸಿಕ್ಕಿತು.

ಶೋಧಯಾತ್ರೆಯ ದತ್ತಾಂಶಗಳನ್ನು ಆಧರಿಸಿ ಪಿಷಾರೋಟಿ 1965ರಲ್ಲಿ ಒಂದು ಲೆಕ್ಕ ಮುಂದಿಟ್ಟರು. ಮುಂಗಾರಿನಲ್ಲಿ ಪಶ್ಚಿಮ ಕರಾವಳಿಯನ್ನು ದಾಟಿ ಬರುವ ನೀರಾವಿಯಲ್ಲಿ ಭೂಮಧ್ಯರೇಖೆಯ ಆಚೆಯಿಂದ ಬಂದ ಪಾಲು ಅರ್ಧಕ್ಕಿಂತ ಕಡಿಮೆ, ಉಳಿದುದು ಅರಬ್ಬೀ ಸಮುದ್ರದಿಂದಲೇ ಆವಿಯಾದದ್ದು ಎಂಬುದು ಅದರ ಸಾರ. ಆಗುಂಬೆಯಲ್ಲಿ ಸುರಿಯುವ ಮಳೆಯ ಮೂಲ ಯಾವುದು ಎಂಬ ಪ್ರಶ್ನೆಯೇ ಇದು! ಹೆಚ್ಚಿನ ದತ್ತಾಂಶ ದೊರೆತ ಬಳಿಕ ಇತರ ಸಂಶೋಧಕರು ಈ ಲೆಕ್ಕವನ್ನು ಒಪ್ಪಲಿಲ್ಲ. ದಕ್ಷಿಣ ಗೋಳಾರ್ಧದ ಪಾಲೇ ದೊಡ್ಡದು ಎಂದು ವಾದಿಸಿದರು. ವಾದ ಅಳತೆಗಳ ಆಧಾರದ ಮೇಲೆ ನಡೆಯುವಂತಾದುದೇ ಆಗಿನ ಮಟ್ಟಿಗೆ ದೊಡ್ಡ ಬದಲಾವಣೆ.

1967ರಲ್ಲಿ ನಿವೃತ್ತರಾದ ಪಿಷಾರೋಟಿ ಅವರನ್ನು ವಿಕ್ರಂ ಸಾರಾಭಾಯಿ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯಕ್ಕೆ ಬರಮಾಡಿಕೊಂಡರು. ಬಾಹ್ಯಾಕಾಶ ತಂತ್ರಜ್ಞಾನ ಬಡ ದೇಶಕ್ಕೇಕೆ ಎಂಬ ಟೀಕೆ ಪ್ರಬಲವಾಗಿದ್ದ ದಿನಗಳವು. ರೈತನಿಗೆ ಉಪಯೋಗವಾಗುವ ಏನನ್ನಾದರೂ ಮಾಡಿ ತೋರಿಸಬೇಕಿತ್ತು. ತೆಂಗಿನ ರೋಗದ ಆಯ್ಕೆಯ ಜಾಣತನ ಇರುವುದು ಇಲ್ಲಿಯೇ. ನುಸಿಪೀಡೆಯ ಹೊಡೆತ ತಿಂದ ನಮ್ಮ ತುಮಕೂರು, ಹಾಸನದ ಬೆಳೆಗಾರರಿಗೆ ಕೇರಳದ ರೈತರ ಆತಂಕವನ್ನು ಬಿಡಿಸಿ ಹೇಳಬೇಕಿಲ್ಲ.

ಪ್ರಯೋಗದ ತತ್ವ ಸರಳ. ಆರೋಗ್ಯವಂತ ಎಲೆ ಹಸಿರು ಬೆಳಕಿಗಿಂತ ಬಹಳ ಹೆಚ್ಚಾಗಿ ಅವಕೆಂಪು ಕಿರಣಗಳನ್ನು ಪ್ರತಿಫಲಿಸುತ್ತದೆ. ಎಲೆ ಸೊರಗಿದಂತೆ ಈ ಪ್ರತಿಫಲನ ಕುಗ್ಗುತ್ತದೆ. ಹೀಗಾಗಿ ವಿಶೇಷ ಫಿಲಂನಲ್ಲಿ ಗಟ್ಟಿ ಮರ ಗಾಢ ಕೆಂಪಾಗಿಯೂ, ರೋಗಿಷ್ಠ ಮರ ಮಂಕಾಗಿಯೂ ಮೂಡುತ್ತದೆ. ಅಮೆರಿಕದ ನಾಸಾ ಸಂಸ್ಥೆಯ ಸಹಕಾರದಿಂದ ನಡೆದ ಈ ಪ್ರಯೋಗದಲ್ಲಿ ರೋಗಪೀಡಿತ ಮರಗಳು ಚಿತ್ರಗಳಲ್ಲಿ ಬೇರೆಯಾಗಿಯೇ ಕಂಡವು. ಭೂಸಂಪನ್ಮೂಲ ಸಮೀಕ್ಷೆಗೆಂದೇ ಅಮೆರಿಕ ತನ್ನ ಮೊದಲ ಉಪಗ್ರಹವನ್ನು ಹಾರಿಸಿದ್ದು 1972ರ ಜುಲೈನಲ್ಲಿ. ಕೇರಳದ ಹಾರಾಟ ಅದಕ್ಕೂ ಮುಂಚಿನದು.

ಚಿತ್ರ ತೆಗೆದ ಮಾತ್ರಕ್ಕೆ ಮರ ಗುಣವಾಗಲಿಲ್ಲ ಎಂಬುದನ್ನೂ ಹೇಳಲೇಬೇಕು. ರೋಗಕ್ಕೆ ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಕಾರಣವೆಂದು ತಿಳಿದದ್ದು 1980ರ ದಶಕದಲ್ಲಿ. ತೀವ್ರವಾಗಿ ಸೊರಗಿದ ಮರಗಳನ್ನು ಕಡಿದು, ರೋಗ ತಾಳಿಕೊಳ್ಳುವ ತಳಿಗಳನ್ನು ನೆಡುವುದೇ ರೈತರಿಗೆ ಉಳಿದ ದಾರಿಯಾಯಿತು.

ಪಿಷಾರೋಟಿ ಅವರಿಗೆ 1970ರಲ್ಲಿ ಪದ್ಮಶ್ರೀ ಸಂದಿತು. 1972ರಿಂದ 1975ರವರೆಗೆ ಅವರು ಅಹಮದಾಬಾದಿನಲ್ಲಿ ಇಸ್ರೊದ ದೂರಸಂವೇದಿ ಹಾಗೂ ಉಪಗ್ರಹ ಹವಾಮಾನ ವಿಭಾಗದ ನಿರ್ದೇಶಕರಾಗಿದ್ದರು. ಅನಂತಪುರ ಮತ್ತು ಪಟಿಯಾಲ ಜಿಲ್ಲೆಗಳ ಬೆಳೆಗಳನ್ನು ವಿಮಾನದಿಂದ ಸಮೀಕ್ಷಿಸುವ ಪ್ರಯೋಗ 1974-75ರಲ್ಲಿ ನಡೆಯಿತು. 1979ರಲ್ಲಿ ಭಾಸ್ಕರ ಉಪಗ್ರಹ ಕ್ಯಾಮೆರಾ ಹೊತ್ತು ಹಾರಿತು. ಬೆಂಗಳೂರಿನಲ್ಲಿ ರೂಪುಗೊಂಡ ಐಆರ್‌ಎಸ್-1ಎ ಉಪಗ್ರಹ 1988ರ ಮಾರ್ಚ್ 17ರಂದು ಕಕ್ಷೆ ಸೇರಿತು. ಮರುವರ್ಷ ವಿಶ್ವ ಹವಾಮಾನ ಸಂಸ್ಥೆ ಪಿಷಾರೋಟಿ ಅವರಿಗೆ ತನ್ನ ಅತ್ಯುನ್ನತ ಗೌರವವಾದ ಐಎಂಒ ಪ್ರಶಸ್ತಿ ನೀಡಿತು.

ಇಳಿವಯಸ್ಸಿನಲ್ಲಿ ಅವರನ್ನು ಕಾಡಿದ್ದು ಮಳೆನೀರಿನ ಚಿಂತೆ. ವರ್ಷದ 8,760 ಗಂಟೆಗಳಲ್ಲಿ ಭಾರತದ ಬಹುಭಾಗಕ್ಕೆ ಮಳೆ ಸುರಿಯುವುದು ಸುಮಾರು 100 ಗಂಟೆ ಮಾತ್ರ, ಅದನ್ನು ಬಿದ್ದಲ್ಲಿಯೇ ಹಿಡಿದಿಡಬೇಕು ಎಂದು ಅವರು ಪ್ರತಿಪಾದಿಸುತ್ತಿದ್ದರು. ಜಲ ಸಂರಕ್ಷಣೆಯ ಚರ್ಚೆಗಳಲ್ಲಿ ಈ ನೂರು ಗಂಟೆಯ ಲೆಕ್ಕ ಇಂದಿಗೂ ಕೇಳಿಬರುತ್ತದೆ, ಅನೇಕ ವೇಳೆ ಲೆಕ್ಕ ಹಾಕಿದವರ ಹೆಸರಿಲ್ಲದೆಯೇ. ಪಿಷಾರೋಟಿ 2002ರ ಸೆಪ್ಟೆಂಬರ್ 24ರಂದು ಪುಣೆಯಲ್ಲಿ ನಿಧನರಾದರು. ಅವರಿಗೆ 93 ವರ್ಷ ವಯಸ್ಸಾಗಿತ್ತು.