ಮಹಾವೀರಾಚಾರ್ಯರ ಲೆಕ್ಕ, ನಮ್ಮ ಜಾವಾಸ್ಕ್ರಿಪ್ಟ್

ಮೂರನೇ ಸೆಮಿಸ್ಟರ್ ಬಂತು ಅಂದ್ರೆ ಡೇಟಾ ಸ್ಟ್ರಕ್ಚರ್ಸ್ ಬಂತು. ಜೊತೆಗೆ ಇಂಟರ್ನ್‌ಶಿಪ್ ಆಸೆಗೆ ಜಾವಾಸ್ಕ್ರಿಪ್ಟ್ ಕಲಿಯೋದೂ ಶುರು. ಇಂಗ್ಲಿಷ್ ಮೀಡಿಯಂನಿಂದ ಬಂದ ನಾವು ಡೆಫಿನಿಷನ್‌ಗಳನ್ನ ಉರು ಹೊಡೀತೀವಿ. ಲಿಂಗದಹಳ್ಳಿಯಂಥ ಊರಿನ ಕನ್ನಡ ಶಾಲೆಯಿಂದ ಬಂದ ಗೆಳೆಯರು ಇದೆಲ್ಲ ಇಂಗ್ಲಿಷಲ್ಲೇ ಹುಟ್ಟಿದ ಯೋಚನೆ ಅಂದುಕೊಂಡು ಲ್ಯಾಬಿನಲ್ಲಿ ಸುಮ್ಮನಾಗಿಬಿಡ್ತಾರೆ. ಇಬ್ಬರಿಗೂ ನಷ್ಟವೇ. ಅದಕ್ಕೇ ಈ ಸಲ ನಮ್ಮ ನಾಡಿನ ಒಬ್ಬ ಮೇಷ್ಟ್ರ ಕಥೆ ಹೇಳ್ತಿದ್ದೀವಿ. ಅವರು ತೀರಿಕೊಂಡು ಸಾವಿರ ವರ್ಷದ ಮೇಲಾಯ್ತು. ಹೆಸರು ಮಹಾವೀರಾಚಾರ್ಯ.

ಒಂದು ಮಾತು ಮೊದಲೇ ಹೇಳಿಬಿಡ್ತೀವಿ. ಅವರು ಕಂಪ್ಯೂಟರ್ ಕಂಡುಹಿಡಿದರು ಅಂತ ನಾವು ಹೇಳೋಕೆ ಹೊರಟಿಲ್ಲ. ಹಾಗೆ ಹೇಳಿದರೆ ಅವರಿಗೇ ಅವಮಾನ. ಅವರು ಲೆಕ್ಕವನ್ನ ಹೇಗೆ ಜೋಡಿಸಿಟ್ಟರು, ಹೇಗೆ ಕಲಿಸಿದರು ಅನ್ನೋದನ್ನ ನೋಡಿದರೆ ನಮ್ಮ ಸಿಲಬಸ್ ಸ್ವಲ್ಪ ಸುಲಭ ಆಗುತ್ತೆ, ಅಷ್ಟೇ.

ಮಹಾವೀರಾಚಾರ್ಯರು 9ನೇ ಶತಮಾನದವರು, ಜೈನರು. ಆಗ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ ಆಳ್ತಿದ್ದ. ರಾಜಧಾನಿ ಮಾನ್ಯಖೇಟ, ಅಂದರೆ ಇವತ್ತಿನ ಕಲಬುರಗಿ ಜಿಲ್ಲೆಯ ಮಳಖೇಡ. ನಾವು ಪಿಯುಸಿಯಲ್ಲಿ ಹೆಸರು ಕೇಳಿದ ಕವಿರಾಜಮಾರ್ಗವೂ ಅದೇ ಆಸ್ಥಾನದ್ದು. ಒಂದು ಕಡೆ ಕನ್ನಡದ ಕಾವ್ಯಕ್ಕೆ ನಿಯಮ ಬರೀತಿದ್ದರೆ ಇನ್ನೊಂದು ಕಡೆ ಲೆಕ್ಕಕ್ಕೆ ನಿಯಮ ಬರೀತಿದ್ದರು. ಸುಮಾರು 850ರಲ್ಲಿ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದರು. ಒಂಬತ್ತು ಅಧ್ಯಾಯ, ಸಾವಿರಕ್ಕೂ ಹೆಚ್ಚು ಪದ್ಯ. ಅದಕ್ಕೆ ಮುಂಚಿನ ದೊಡ್ಡ ಗಣಿತಜ್ಞರಲ್ಲಿ ಆರ್ಯಭಟ, ಬ್ರಹ್ಮಗುಪ್ತ ಇಬ್ಬರೂ ಗಣಿತವನ್ನ ಜ್ಯೋತಿಷ ಗ್ರಂಥದ ಒಳಗೆ ಒಂದೆರಡು ಅಧ್ಯಾಯ ಮಾಡಿ ಇಟ್ಟಿದ್ದರು. ಇವರು ಗ್ರಹ ನಕ್ಷತ್ರ ಎಲ್ಲ ಬಿಟ್ಟು ಬರೀ ಗಣಿತಕ್ಕೇ ಒಂದು ಪುಸ್ತಕ ಮಾಡಿದರು. ಹಿಂದಿನವರ ವಿದ್ಯೆಯ ಸಮುದ್ರದಿಂದ ಸಾರ ತೆಗೆದು ಕೊಡ್ತಿದ್ದೀನಿ ಅಂತ ವಿನಯದಿಂದ ಹೇಳಿಕೊಂಡರು. ಪುಸ್ತಕದ ಹೆಸರಿನ ಅರ್ಥವೂ ಅದೇ. ಅಡುಗೆ, ವೈದ್ಯ, ಸಂಗೀತ, ಛಂದಸ್ಸು, ಕಟ್ಟಡ ಕೆಲಸ, ಎಲ್ಲಕ್ಕೂ ಗಣಿತ ಬೇಕು ಅಂತ ಶುರುವಿನಲ್ಲೇ ಪಟ್ಟಿ ಕೊಟ್ಟರು.

ಅವರ ಮೊದಲ ಅಧ್ಯಾಯ ಪೂರ್ತಿ ಹೆಸರುಗಳದ್ದು. ಲೆಕ್ಕ ಆಮೇಲೆ, ಮೊದಲು ಯಾವುದಕ್ಕೆ ಏನಂತಾರೆ ಗೊತ್ತಿರಲಿ ಅನ್ನೋ ಮೇಷ್ಟ್ರ ಕ್ರಮ. ಅದರಲ್ಲಿ ಸಂಖ್ಯೆಯ 24 ಸ್ಥಾನಗಳಿಗೆ ಹೆಸರಿದೆ. ಏಕ, ದಶ, ಶತ, ಸಹಸ್ರದಿಂದ ಶುರುವಾಗಿ ಕೋಟಿ, ಅರ್ಬುದ, ಖರ್ವ, ಪದ್ಮ, ಶಂಖ ದಾಟಿ ಮಹಾಕ್ಷೋಭದವರೆಗೆ. ಇದನ್ನ ಒಂದು ಅರೇಗೆ ಹಾಕಿ ನೋಡಿ. ಅರೇ ಇಂಡೆಕ್ಸ್ ಸೊನ್ನೆಯಿಂದ ಯಾಕೆ ಶುರು ಅಂತ ಎಲ್ಲರೂ ಗೊಣಗ್ತೀವಲ್ಲ, ಇಲ್ಲಿ ಅದು ತಾನಾಗೇ ಸರಿಹೋಗುತ್ತೆ. ಇಂಡೆಕ್ಸ್ 0ರಲ್ಲಿ ಏಕ, ಅಂದರೆ 10ರ ಘಾತ 0. ಇಂಡೆಕ್ಸ್ 5ರಲ್ಲಿ ಲಕ್ಷ, 10ರ ಘಾತ 5. ಇಂಡೆಕ್ಸ್ 23ರಲ್ಲಿ ಮಹಾಕ್ಷೋಭ. ಸ್ಥಾನದ ನಂಬರೇ ಘಾತದ ನಂಬರು.

ಆದರೆ ಆ ಮಹಾಕ್ಷೋಭವನ್ನ ಜಾವಾಸ್ಕ್ರಿಪ್ಟಿನ ಸಾಮಾನ್ಯ ನಂಬರಲ್ಲಿ ಹಾಕಿದರೆ ಅದು ಸರಿಯಾಗಿ ಕೂರಲ್ಲ. ಆ ನಂಬರನ್ನ ಬಿಗ್‌ಇಂಟ್‌ಗೆ ಬದಲಾಯಿಸಿ ನೋಡಿದರೆ 1ರ ಮುಂದೆ 23 ಸೊನ್ನೆ ಬರೋದರ ಬದಲು 99999999999999991611392 ಬರುತ್ತೆ. ಯಾಕಂದ್ರೆ ಸಾಮಾನ್ಯ ನಂಬರಿಗೆ 53 ಬಿಟ್‌ಗಳಷ್ಟೇ ನಿಖರತೆ. ಪೂರ್ಣಾಂಕ ಲೆಕ್ಕ ನಂಬಬಹುದಾದ ಮಿತಿ 9007199254740991. ಮಹಾವೀರಾಚಾರ್ಯರ ಭಾಷೇಲಿ ಒಂಬತ್ತು ಮಹಾಪದ್ಮಕ್ಕೆ ಸ್ವಲ್ಪ ಜಾಸ್ತಿ. ಅದರಾಚೆ ಹೋಗ್ಬೇಕಾದ್ರೆ ಶುರುವಿನಿಂದಲೇ ಬಿಗ್‌ಇಂಟ್ ಬಳಸಬೇಕು.

ಅದೇ ಅಧ್ಯಾಯದಲ್ಲಿ ಅಂಕಿಗಳಿಗೆ ಪದಗಳನ್ನೂ ಕೊಟ್ಟಿದ್ದಾರೆ. ಚಂದ್ರ ಅಂದ್ರೆ 1, ಕಣ್ಣು 2, ಅಗ್ನಿ 3, ಆಕಾಶ 0. ಪದ್ಯದಲ್ಲಿ ಅಂಕಿ ಕೂರಿಸೋಕೆ ಇದು ಬೇಕಿತ್ತು. ಚಂದ್ರನಿಗೆ ಇಂದು, ಶಶಿ, ಸೋಮ ಯಾವ ಹೆಸರಾದರೂ ನಡೆಯುತ್ತೆ, ಬೆಲೆ ಮಾತ್ರ 1. ನಮ್ಮ ಭಾಷೇಲಿ ಇದು ಮ್ಯಾಪ್: ಕೀ ಹಲವು, ವ್ಯಾಲ್ಯೂ ಒಂದು. ಪದಗಳನ್ನ ಬಿಡಿಸೋದು ಬಿಡಿ ಸ್ಥಾನದಿಂದ. ‘ಆಕಾಶ, ಕಣ್ಣು, ಚಂದ್ರ’ ಅಂದ್ರೆ 0, 2, 1 ಬರುತ್ತೆ, ತಿರುಗಿಸಿದರೆ 120. ಕೋಡ್ ಬರೆದರೆ ಪದಗಳನ್ನ ಬಿಡಿಸು, ಮ್ಯಾಪಲ್ಲಿ ಹುಡುಕು, ರಿವರ್ಸ್ ಮಾಡು, ಸೇರಿಸು. ನಾಲ್ಕು ಹೆಜ್ಜೆ.

ಲೆಕ್ಕದ ಜೊತೆ ಆಟ ಆಡೋದೂ ಅವರಿಗೆ ಇಷ್ಟ ಇತ್ತು ಅನ್ಸುತ್ತೆ. ಗುಣಾಕಾರ ಕಲಿಸೋವಾಗ ಹಾರದಂಥ ಉತ್ತರ ಬರೋ ಲೆಕ್ಕಗಳನ್ನೇ ಆರಿಸಿ ಕೊಟ್ಟರು. 27994681 × 441 ಮಾಡಿದರೆ 12345654321. 142857143 × 7 ಮಾಡಿದರೆ 1000000001. 152207 × 73 ಮಾಡಿದರೆ ಎಂಟು ಒಂದುಗಳು. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇಂಟರ್‌ವ್ಯೂಗಳಲ್ಲಿ ಕೇಳಿ ಕೇಳಿ ಸವೆದುಹೋದ ಪ್ಯಾಲಿಂಡ್ರೋಮ್ ಇದೇ.

ಲಿಂಗದಹಳ್ಳಿ ರಸ್ತೆ ಗೊತ್ತಿರೋರಿಗೆ ಇದು ಬೇಗ ಅರ್ಥ ಆಗುತ್ತೆ. ತರೀಕೆರೆ, ಲಿಂಗದಹಳ್ಳಿ, ಕಲ್ಲತ್ತಿಗಿರಿ, ಕೆಮ್ಮಣ್ಣುಗುಂಡಿ ಅಂತ ಹತ್ತಿ ಹೋಗಿ ಅದೇ ದಾರೀಲಿ ಇಳಿದು ಬಂದರೆ ಊರುಗಳ ಪಟ್ಟಿ 1, 2, 3, 4, 3, 2, 1. ಹತ್ತುವಾಗ ಒಂದೊಂದು ಊರನ್ನೂ ಸ್ಟ್ಯಾಕಿಗೆ ಪುಶ್ ಮಾಡಿ, ತುದಿ ಮುಟ್ಟಿ ಇಳಿಯೋವಾಗ ಪಾಪ್ ಮಾಡ್ತಾ ಬನ್ನಿ. ಕೊನೆಗೆ ಸೇರಿದ್ದು ಮೊದಲು ಹೊರಗೆ ಬರುತ್ತೆ, ಕಲ್ಲತ್ತಿಗಿರಿ ಮೊದಲು, ತರೀಕೆರೆ ಕೊನೆಗೆ. ಅಥವಾ ಎರಡೂ ತುದಿಯಿಂದ ಒಂದೊಂದು ಬೆರಳಿಟ್ಟು ಒಳಗೆ ಬಂದರೂ ಆಯ್ತು. 11 ಅಂಕಿಯ ಹಾರಕ್ಕೆ 5 ಹೋಲಿಕೆ ಸಾಕು.

ಅವರ ಮಾವಿನಹಣ್ಣಿನ ಲೆಕ್ಕ ರಿಕರ್ಷನ್ ಕಲಿಸೋಕೆ ಹೇಳಿ ಮಾಡಿಸಿದ ಹಾಗಿದೆ. ಒಂದು ರಾಶಿ ಮಾವು. ರಾಜ ಆರನೇ ಒಂದು ಭಾಗ ತಗೊಂಡ. ಉಳಿದಿದ್ದರಲ್ಲಿ ರಾಣಿ ಐದನೇ ಒಂದು ಭಾಗ. ಆಮೇಲೆ ಮೂವರು ರಾಜಕುಮಾರರು ಉಳಿಯುತ್ತಾ ಬಂದಿದ್ದರಲ್ಲಿ ಕ್ರಮವಾಗಿ ಕಾಲು, ಮೂರನೇ ಒಂದು, ಅರ್ಧ. ಕೊನೆಗೆ ಚಿಕ್ಕ ಮಗುವಿಗೆ ಸಿಕ್ಕಿದ್ದು 3 ಹಣ್ಣು. ಮೊದಲು ಎಷ್ಟಿತ್ತು?

ರಾಜನ ಮುಂದೆ ಎಷ್ಟಿತ್ತು ಗೊತ್ತಾಗಬೇಕಾದರೆ ರಾಣಿಯ ಮುಂದೆ ಎಷ್ಟಿತ್ತು ಗೊತ್ತಾಗಬೇಕು. ಅದಕ್ಕೆ ಮೊದಲ ರಾಜಕುಮಾರನನ್ನ ಕೇಳಬೇಕು. ಹೀಗೆ ಫಂಕ್ಷನ್ ತನ್ನನ್ನೇ ಕರೆಯುತ್ತಾ ಹೋಗುತ್ತೆ, ಪ್ರತಿ ಪ್ರಶ್ನೆಯೂ ಕಾಲ್ ಸ್ಟ್ಯಾಕಿನಲ್ಲಿ ಕಾದು ಕೂರುತ್ತೆ. ಮಗುವಿನ ಹತ್ತಿರ ಬಂದಾಗ ಉತ್ತರ ಸಿಗುತ್ತೆ: 3. ಅದೇ ಬೇಸ್ ಕೇಸ್. ಅಲ್ಲಿಂದ ವಾಪಸ್ ಬರ್ತಾ 3, 6, 9, 12, 15, 18. ಮಗುವೇ ಇಲ್ಲದಿದ್ದರೆ ಪ್ರಶ್ನೆ ಮುಗಿಯೋದೇ ಇಲ್ಲ, ಸ್ಟ್ಯಾಕ್ ತುಂಬಿ ಎರರ್ ಬರುತ್ತೆ. ಮಹಾವೀರಾಚಾರ್ಯರು ಇಂಥ ಲೆಕ್ಕಗಳಿಗೆ ಇನ್ನೂ ಚಿಕ್ಕ ದಾರಿ ಕೊಟ್ಟಿದ್ದಾರೆ. ಪ್ರತಿ ಸಲ ಉಳಿದ ಭಾಗಗಳನ್ನ ಗುಣಿಸಿಬಿಡಿ, 5/6 × 4/5 × 3/4 × 2/3 × 1/2. ಬಂದಿದ್ದು 1/6. ಮೂರನ್ನ ಅದರಿಂದ ಭಾಗಿಸಿದರೆ 18. ನಾವು ರೆಡ್ಯೂಸ್ ಬರೆದು ಮಾಡೋದು ಇದನ್ನೇ.

ಎಣಿಕೆಯಲ್ಲಂತೂ ಅವರ ಹೆಸರು ಪ್ರಪಂಚದ ಗಣಿತ ಚರಿತ್ರೆಯಲ್ಲಿದೆ. ಎನ್‌ಸಿಆರ್ ಸೂತ್ರವನ್ನ ಸಾಮಾನ್ಯ ರೂಪದಲ್ಲಿ ಕೊಟ್ಟಿದ್ದಾರೆ. ಉದಾಹರಣೆ ಅಡುಗೆಮನೆಯದ್ದು: ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ, ಈ ಆರು ರಸ ಬೆರೆಸಿ ಎಷ್ಟು ಬಗೆ ಮಾಡಬಹುದು? ಒಂದೊಂದೇ ಆದರೆ 6, ಎರಡೆರಡು 15, ಮೂರು ಮೂರು 20, ಆಮೇಲೆ 15, 6, 1. ಒಟ್ಟು 63. ಆರು ಬಿಟ್‌ನಲ್ಲಿ 000001ರಿಂದ 111111ರವರೆಗೆ ಬರೋದೂ 63. ಈಗ 20 ವಸ್ತು ಇದ್ದು 10 ಆರಿಸಬೇಕು ಅಂದುಕೊಳ್ಳಿ. ಎಲ್ಲ ಗುಂಪುಗಳನ್ನೂ ಲೂಪಿನಲ್ಲಿ ತಿರುವಿದರೆ ಹತ್ತು ಲಕ್ಷ ದಾಟುತ್ತೆ. ಸೂತ್ರ ಗೊತ್ತಿದ್ದರೆ ಹತ್ತು ಗುಣಾಕಾರ, ಹತ್ತು ಭಾಗಾಕಾರದಲ್ಲಿ 184756 ಸಿಗುತ್ತೆ. ಟೈಮ್ ಕಾಂಪ್ಲೆಕ್ಸಿಟಿ ಅಂದರೆ ಏನು ಅನ್ನೋದಕ್ಕೆ ಬೇರೆ ಉದಾಹರಣೆ ಬೇಕಾ?

ಕಷ್ಟದ ಪ್ರಶ್ನೆಗಳಿಂದ ಅವರು ತಪ್ಪಿಸಿಕೊಳ್ಳಲಿಲ್ಲ. ಋಣ ಸಂಖ್ಯೆಗೆ ವರ್ಗಮೂಲ ಇಲ್ಲ, ಯಾಕಂದ್ರೆ ಅದು ಯಾವುದರ ವರ್ಗವೂ ಆಗೋಕೆ ಸಾಧ್ಯವಿಲ್ಲ ಅಂತ ಸ್ಪಷ್ಟವಾಗಿ ಬರೆದರು. ಜಾವಾಸ್ಕ್ರಿಪ್ಟಿಗೆ -1ರ ವರ್ಗಮೂಲ ಕೇಳಿದರೆ ನ್ಯಾನ್ ಅನ್ನುತ್ತೆ, ಅಂದರೆ ಇದು ಸಂಖ್ಯೆಯೇ ಅಲ್ಲ. ಅಲ್ಲಿ ಇಬ್ಬರೂ ಒಂದೇ ಕಡೆ.

ಸೊನ್ನೆಯ ಭಾಗಾಕಾರದಲ್ಲಿ ಮಾತ್ರ ಅವರು ಎಡವಿದರು. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೇ ಉಳಿಯುತ್ತೆ ಅಂದರು. ಹಂಚಿಕೊಳ್ಳೋಕೆ ಯಾರೂ ಇಲ್ಲದಿದ್ದರೆ ರಾಶಿ ಹಾಗೇ ಇರುತ್ತಲ್ಲ ಅಂತ ಯೋಚಿಸಿದರೆ ನಮಗೂ ಸರಿ ಅನ್ನಿಸಿಬಿಡುತ್ತೆ. ಆದರೆ ಗಣಿತ ಅದನ್ನ ಒಪ್ಪಲ್ಲ. 1150ರ ಹೊತ್ತಿಗೆ ಭಾಸ್ಕರಾಚಾರ್ಯರು ಅದನ್ನ ಅನಂತ ರಾಶಿ ಅಂದರು. ಇವತ್ತಿಗೂ ಇದು ಸಲೀಸಾದ ಪ್ರಶ್ನೆಯಲ್ಲ. ಜಾವಾಸ್ಕ್ರಿಪ್ಟಲ್ಲೇ ಸಾಮಾನ್ಯ 5ನ್ನ 0ಯಿಂದ ಭಾಗಿಸಿದರೆ ಇನ್ಫಿನಿಟಿ, 0ಯನ್ನ 0ಯಿಂದ ಭಾಗಿಸಿದರೆ ನ್ಯಾನ್, ಬಿಗ್‌ಇಂಟ್ 5ನ್ನ ಬಿಗ್‌ಇಂಟ್ 0ಯಿಂದ ಭಾಗಿಸಿದರೆ ನೇರ ರೇಂಜ್ ಎರರ್. ಒಂದೇ ಭಾಷೆ, ಮೂರು ಉತ್ತರ.

ಅವರ ಪುಸ್ತಕ ದಕ್ಷಿಣದಲ್ಲಿ ತುಂಬಾ ಕಾಲ ಪಠ್ಯವಾಗಿತ್ತು. 11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನ ತೆಲುಗಿಗೆ ತಂದ. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದ ಜೊತೆ ಅಚ್ಚು ಹಾಕಿಸಿದರು. ಕನ್ನಡ ಲಿಪಿಯ ಹಸ್ತಪ್ರತಿಗಳೂ ಅದಕ್ಕೆ ನೆರವಾದವು. ಅಮೆರಿಕದ ಗಣಿತ ಇತಿಹಾಸಕಾರ ಡೇವಿಡ್ ಯುಜೀನ್ ಸ್ಮಿತ್ ಮುನ್ನುಡಿ ಬರೆದರು. 2000ದಲ್ಲಿ ಪದ್ಮಾವತಮ್ಮ ಅವರ ಕನ್ನಡ ಅನುವಾದ ಬಂತು. ಪ್ರಕಟಿಸಿದ್ದು ಶಿವಮೊಗ್ಗ ಜಿಲ್ಲೆಯ ಹೊಂಬುಜ ಜೈನ ಮಠ. ಲಿಂಗದಹಳ್ಳಿ ಕಡೆಯವರಿಗೆ ಪಕ್ಕದ ಜಿಲ್ಲೆಯೇ.

ಮುಂದಿನ ಲ್ಯಾಬಿಗೆ ಹೋಗೋ ಮುಂಚೆ ಒಂದು ಕೆಲಸ ಮಾಡಿ. ಮಾವಿನಹಣ್ಣಿನ ಲೆಕ್ಕವನ್ನ ಪಕ್ಕದಲ್ಲಿ ಸುಮ್ಮನೆ ಕೂತಿರೋ ಗೆಳೆಯನಿಗೋ ಗೆಳತಿಗೋ ಕನ್ನಡದಲ್ಲೇ ಹೇಳಿ, ಉತ್ತರ ಬಾಯಲ್ಲೇ ಹೇಳಿಸಿ, ಆಮೇಲೆ ಇಬ್ಬರೂ ಕೂತು ಕೋಡ್ ಬರೀರಿ. ಮಗುವಿನ ಮೂರು ಹಣ್ಣನ್ನ ಮಾತ್ರ ಮರೀಬೇಡಿ.